ಛತ್ರದ ಜಗಲಿಯಿಂದ ಲಾಡ್ಜಿನ ಕೋಣೆಗೆ

ನಮ್ಮ ತಾಳವಾಡಿ ಸೀಮೆಯಲ್ಲಿ ಹೋಟ್ಲು ಅಂದ್ರೆ ತಿನ್ನೋ ಜಾಗ, ಲಾಡ್ಜು ಅಂದ್ರೆ ಮಲಗೋ ಜಾಗ. ನಮ್ಮ ತಾತನ ಬಾಯಲ್ಲಿ ಈ ಎರಡು ಮಾತೂ ಇರಲಿಲ್ಲ. ಪರಸ್ಥಳಕ್ಕೆ ಹೋದವರಿಗೆ ಆಗ ಇದ್ದದ್ದು ಛತ್ರ, ಮಠ, ದೇವಸ್ಥಾನದ ಪೌಳಿ, ಇಲ್ಲಾಂದ್ರೆ ನೆಂಟರ ಮನೆ ಜಗಲಿ. ಹೊರಡುವಾಗಲೇ ಬುತ್ತಿ ಕಟ್ಟಿಕೊಂಡು ಹೋಗೋರು. ಅನ್ನವನ್ನು ಮಾರಬಾರದು, ಕಾಸು ಕೊಟ್ಟು ಕೊಳ್ಳಲೂಬಾರದು ಅನ್ನೋ ಕಾಲ ಅದು.

ನಮಗೆ ಪಟ್ಣ ಅಂದ್ರೆ ಮೈಸೂರು. ಹಿಂದೆ ನಾವು ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವರು. 1956ರ ನವೆಂಬರ್ 1ಕ್ಕೆ ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಇಲ್ಲೇ ಉಳಿದೊ. ಈಗ ಈರೋಡು ಜಿಲ್ಲೆ. ಕಚೇರಿ ಕಾಗದಕ್ಕೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕಿತ್ತು. ಆದರೆ ಬಟ್ಟೆ, ಆಸ್ಪತ್ರೆ, ದಸರಾ ಅಂದ್ರೆ ನಮ್ಮ ಜನ ಚಾಮರಾಜನಗರದ ದಾರಿ ಹಿಡಿದು ಮೈಸೂರಿಗೇ ಹೋಗೋದು. ಅಲ್ಲಿ ರಾತ್ರಿ ಉಳಿಯೋದು ಹ್ಯಾಗೆ ಅನ್ನೋದೇ ಈ ಬರಹದ ವಿಷಯ.

ಛತ್ರಗಳನ್ನ ರಾಜರು, ದಿವಾನರು, ಪುಣ್ಯ ಬೇಕೆಂದ ಶೆಟ್ಟರು ಕಟ್ಟಿಸಿದರು. ಮೈಸೂರಲ್ಲಿ ನಂಜರಾಜ ಬಹದ್ದೂರ್ ಛತ್ರ ಈಗಲೂ ಇದೆ, ಅಲ್ಲಿ ವಸ್ತುಪ್ರದರ್ಶನ, ಮೇಳ ನಡೀತವೆ. ಛತ್ರ ಕಟ್ಟಿಸೋದು ದೊಡ್ಡ ಕೆಲಸವೇ, ಇಲ್ಲ ಅನ್ನಕ್ಕಾಗಲ್ಲ. ನಡೆದು ಕಾಲು ಸೋತವನಿಗೆ ನೆರಳು, ಬಾವಿನೀರು ಸಿಕ್ಕರೆ ಅದಕ್ಕಿಂತ ಇನ್ನೇನು? ಆದರೆ ಆ ಕಾಲದ ಛತ್ರಗಳಲ್ಲಿ ಒಳಗೆ ಕಾಲಿಡೋ ಮುಂಚೆ ಒಂದು ಪ್ರಶ್ನೆ ಇರೋದು: ಯಾವ ಜನ? ಮೇಲುಜಾತಿಗೆ ಒಳಗೆ ಪಂಕ್ತಿ, ಮಿಕ್ಕವರಿಗೆ ಬೇರೆ ಪಂಕ್ತಿ, ನಮ್ಮಂಥೋರಿಗೆ ಜಗಲಿಯೂ ದಕ್ಕುತ್ತಿರಲಿಲ್ಲ. ನಮ್ಮ ತಾತ ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡ್ತಿದ್ದ ನೀಲಗಾರ. ಕಥೆ ಕೇಳೋಕೆ ಊರೆಲ್ಲ ಬರೋದು, ಊಟದ ಹೊತ್ತಿಗೆ ಎಲೆ ಮಾತ್ರ ಹೊರಗೆ. ಪಟ್ಣಕ್ಕೆ ಹೋದರೆ ಮರದ ಬುಡದಲ್ಲಿ ಮೂರು ಕಲ್ಲು ಹೂಡಿ ಹಿಟ್ಟು ಬೇಯಿಸಿಕೊಂಡು ಮಲಗ್ತಿದ್ದರಂತೆ.

ದೊರೆಗಳಿಗೆ ಬೇರೆ ಲೆಕ್ಕ. ಬ್ರಿಟಿಷ್ ಅತಿಥಿಗಳು ಉಳೀಲಿ ಅಂತ ಮಹಾರಾಜರು 1920ರಲ್ಲಿ ಮೆಟ್ರೊಪೋಲ್ ಕಟ್ಟಿಸಿದರು. ವೈಸರಾಯ್‌ಗೆ ಅಂತಲೇ ಲಲಿತ ಮಹಲ್ ಶುರುವಾದದ್ದು 1921ರಲ್ಲಿ, ಅದು ಹೋಟೆಲ್ ಆದದ್ದು 1974ರಲ್ಲಿ. ದಸರಾಕ್ಕೆ ಹೋದಾಗ ಅದರ ಬಿಳಿ ಗುಮ್ಮಟ ದೂರದಿಂದ ನೋಡಿದ್ದೀನಿ, ಅಷ್ಟೇ.

ನಮ್ಮ ಜನರ ಹೋಟೆಲ್ ಚರಿತ್ರೆ ಶುರುವಾಗೋದು ಉಡುಪಿಯವರಿಂದ. ಉಡುಪಿ ಕಡೆ ಹಳ್ಳಿಯ ಬಡ ಹುಡುಗ ಕೃಷ್ಣರಾಯರು ಮದ್ರಾಸಿಗೆ ಹೋಗಿ, ಅಡಿಗೆಮನೆಯಲ್ಲಿ ರುಬ್ಬುವ ಕೆಲಸದಿಂದ ಮೇಲೆ ಬಂದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಉಳಿಯೋಕೆ ಕೋಣೆ, ಕೆಳಗಿಳಿದರೆ ಇಡ್ಲಿ, ದೋಸೆ, ಊಟ, ಎಲ್ಲ ಒಂದೇ ಕಟ್ಟಡದಲ್ಲಿ. ಕನ್ನಡದವರು ಕಲಿಸಿದ ಈ ರುಚಿಗೆ ಮದ್ರಾಸು, ಬೊಂಬಾಯಿ ಎರಡೂ ಮರುಳಾದವು. ಆದರೂ ಆ ಕಾಲದ ಬೋರ್ಡು ನೆನೆಸಿಕೊಳ್ಳಿ. ಬೆಂಗಳೂರಲ್ಲಿ ಈಗ ಎಂಟಿಆರ್ ಅಂತ ಲೋಕವೆಲ್ಲ ಹೊಗಳೋ ಹೋಟೆಲು 1924ರಲ್ಲಿ ತೆರೆದಾಗ ಇದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಬ್ರಾಹ್ಮಣರ ಹೋಟೆಲು ಅಂದ್ರೆ ಮಡಿ, ಶುಚಿ ಅಂತ ಅರ್ಥ ಅಂತ ಕೆಲವರು ಹೇಳ್ತಾರೆ. ಇರಬಹುದು. ಆದರೆ ಬಾಗಿಲಲ್ಲಿ ನಿಂತವನಿಗೆ ಆ ಬೋರ್ಡು ಇನ್ನೊಂದು ಅರ್ಥವನ್ನೂ ಹೇಳ್ತಿತ್ತು.

ಇದು ಬಡವರ ಕಷ್ಟ ಮಾತ್ರ, ಓದಿದರೆ ತಪ್ಪುತ್ತೆ ಅನ್ನೋರಿಗೆ ಅಂಬೇಡ್ಕರರ ಬರೋಡಾ ಕಥೆ ಹೇಳಬೇಕು. ಅಮೆರಿಕದಲ್ಲಿ ಓದಿ ಬಂದವರು, ಮಹಾರಾಜರೇ ಕೆಲಸಕ್ಕೆ ಕರೆಸಿದ್ದರು. ಹಿಂದೂ ಹೋಟೆಲಲ್ಲಿ ಜಾಗ ಕೊಡೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಪಾರ್ಸಿಗಳ ತಂಗುಮನೆಗೆ ಹೋಗಿ, ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಗೆ ಉಳಿದುಕೊಂಡರು. ಹನ್ನೊಂದನೇ ದಿನ ಹತ್ತಾರು ಪಾರ್ಸಿಗಳು ದೊಣ್ಣೆ ಹಿಡಿದು ಬಂದು ಹೊರಡು ಅಂದರು. ಎಲ್ಲೂ ಜಾಗ ಸಿಗಲಿಲ್ಲ. ರಾತ್ರಿ ರೈಲು ಬರೋವರೆಗೂ ಸಾರ್ವಜನಿಕ ತೋಟದಲ್ಲಿ ಐದು ಗಂಟೆ ಕೂತಿದ್ದರು. ಇದನ್ನ ಅವರೇ ಬರೆದಿಟ್ಟಿದ್ದಾರೆ.

ಅದೇ ಮಹಾನುಭಾವರು ಮುಂದೆ ಸಂವಿಧಾನ ಬರೆಯೋ ಸಮಿತಿಯ ಅಧ್ಯಕ್ಷರಾದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳಿಗೆ ಹೋಗೋಕೆ ಜಾತಿ ನೋಡಿ ಯಾರನ್ನೂ ತಡೆಯಬಾರದು ಅಂತ ಇದೆ. 1955ರ ಅಸ್ಪೃಶ್ಯತೆ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತೆ: ಹೋಟೆಲು, ಧರ್ಮಶಾಲೆಗಳಲ್ಲಿ ಜನಕ್ಕೆ ಅಂತ ಇಟ್ಟ ಪಾತ್ರೆ ಬಳಸೋಕೂ ಅಡ್ಡಿ ಮಾಡಬಾರದು. ಪಾತ್ರೆ ಅಂತ ಬರೆದಿದ್ದಾರೆ ನೋಡಿ, ನೋವು ಎಲ್ಲಿದೆ ಅಂತ ತಿಳಿದವರೇ ಬರೆದ ಮಾತು. ನಮ್ಮ ಈರೋಡಿನ ಪೆರಿಯಾರರು 1957ರಲ್ಲಿ ಮದ್ರಾಸಿನ ಹೋಟೆಲೊಂದರ ಬೋರ್ಡಿನಿಂದ ಬ್ರಾಹ್ಮಣ ಅನ್ನೋ ಪದ ಅಳಿಸಬೇಕು ಅಂತ ಚಳವಳಿಯನ್ನೇ ಹೂಡಿದರು.

ಕಾಯ್ದೆ ಬಂದ ಮೇಲೂ ಹಳ್ಳಿಯ ಟೀ ಅಂಗಡಿಗಳಿಗೆ ಅದು ಕೇಳಿಸಲಿಲ್ಲ. ನಾನು ಹುಡುಗನಾಗಿದ್ದಾಗ ಒಂದು ಅಂಗಡಿಯಲ್ಲಿ ನಮ್ಮ ಕೇರಿಯವರ ಲೋಟ ಹೊರಗಿನ ಗಳುವಿಗೆ ಸಿಕ್ಕಿಸಿರ್ತಿತ್ತು. ನಾವೇ ತೊಳೆದು ಹಿಡೀಬೇಕು, ಅವರು ಮೇಲಿಂದ ಹೊಯ್ಯೋರು. ಹಾಗಿದ್ದಾಗ ನಮ್ಮಪ್ಪ ಮೈಸೂರಿಗೆ ಹೋಗಿ ಬಂದು, ಮಾರುಕಟ್ಟೆ ಹತ್ತಿರದ ಹೋಟ್ಲಲ್ಲಿ ಬೆಂಚಿನ ಮೇಲೆ ಕೂತು ದೋಸೆ ತಿಂದೆ, ಕ್ಲೀನರ್ ಹುಡುಗ ಬಂದು ನನ್ನ ಎಂಜಲು ಲೋಟ ಎತ್ತಿಕೊಂಡು ಹೋದ ಅಂತ ಒಂದು ವಾರ ಹೇಳಿದ್ದರು. ದೋಸೆ ರುಚಿ ಹ್ಯಾಗಿತ್ತು ಅಂತ ಹೇಳಲೇ ಇಲ್ಲ.

ಆ ರುಚಿ ನಾನು ಹೇಳ್ತೀನಿ. ಹಾಡೋಕೆ ಕರೆದಾಗೆಲ್ಲ ಮೈಸೂರಲ್ಲಿ ಎರಡು ದಿನ ಲಾಡ್ಜಲ್ಲಿ ಇರ್ತೀನಿ. ಪುಸ್ತಕದಲ್ಲಿ ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗ್ತೀರಿ ಅಂತ ಕೇಳ್ತಾರೆ, ಜಾತಿ ಬರೆಯೋ ಕಲಂ ಇಲ್ಲ. ನನ್ನ ಆಧಾರ್ ಕಾರ್ಡು ತಮಿಳಲ್ಲಿ, ಬಾಯಿ ಕನ್ನಡದಲ್ಲಿ, ಅದನ್ನ ನೋಡಿ ಗಲ್ಲಾದವರು ನಗ್ತಾರೆ. ಬೀಗದ ಕೈ ಕೊಟ್ಟರೆ ಕೋಣೆ ನನ್ನದು. ಒಗೆದ ದುಪ್ಪಟಿ, ಬೆಳಿಗ್ಗೆ ನಲ್ಲಿಯಲ್ಲಿ ಬಿಸಿನೀರು, ಬಾಗಿಲು ಹಾಕಿಕೊಂಡು ತಂಬೂರಿ ಶ್ರುತಿ ಮಾಡಿದರೆ ಕೇಳೋರಿಲ್ಲ. ತಿಂಡಿಗೆ ನಜರಬಾದಿನ ಮೈಲಾರಿ ದೋಸೆ, ಮೆತ್ತಗೆ, ಮೇಲೆ ಬೆಣ್ಣೆ, ಒಳಗೆ ಪಲ್ಯ, ಎರಡು ತಿಂದ ಮೇಲೆ ಮೂರನೇದಕ್ಕೆ ಬಾಯಿ ತಾನೇ ಕೇಳುತ್ತೆ. ಮಧ್ಯಾಹ್ನ ಮಿಲಿಟ್ರಿ ಹೋಟ್ಲಲ್ಲಿ ಮುದ್ದೆ, ಮಟನ್ ಸಾರು. ಎದುರು ಕೂತವರು ಯಾರೋ, ಚೂರು ಜರುಗಿ ಜಾಗ ಬಿಡ್ತಾರೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಎಲ್ಲ ಕುಲದವರೂ ಒಟ್ಟಿಗೆ ಕೂತು ಉಣ್ಣೋದನ್ನ ನಾವು ವರ್ಷಕ್ಕೊಂದು ಸಲ ದೇವರ ಹೆಸರಲ್ಲಿ ಮಾಡ್ತೀವಿ. ಈ ಹೋಟ್ಲುಗಳು ದಿನಾ ಮೂರು ಹೊತ್ತು ಮಾಡ್ತವೆ, ದೇವರ ಹೆಸರಿಲ್ಲದೆ, ಬಿಲ್ಲು ಕೊಟ್ಟು.

ನಮ್ಮ ಹಳ್ಳಿ ಕಡೆ ಟೀ ಅಂಗಡಿಗಳಿಗೆ ಈಗ ಕಾಗದದ ಲೋಟ ಬಂದಿದೆ. ಎಲ್ಲರಿಗೂ ಒಂದೇ ಥರ, ಕುಡಿದು ಬಿಸಾಕೋದು. ಮನಸ್ಸು ಬದಲಾಗಿ ಬಂತೋ, ತೊಳೆಯೋ ಕೆಲಸ ತಪ್ಪಲಿ ಅಂತ ಬಂತೋ ಅಂತ ನನಗೆ ಅನುಮಾನ. ಸ್ಟೀಲ್ ಲೋಟದಲ್ಲಿ ಕೊಡಪ್ಪ ಅಂತ ನಾನು ಕೇಳಿಯೇ ಕುಡೀತೀನಿ.