ಮಾವಿನ ತೋಪಿನ ಕರಾರು: ವ್ಯಾಪಾರ ಬಾಳುವುದು ಬಂಡವಾಳದಿಂದಲೇ?

ಒಂದು ವ್ಯಾಪಾರ ಮೂರು ತಲೆಮಾರು ಬಾಳುತ್ತದೆ. ಅದರ ಪಕ್ಕದಲ್ಲೇ ಆರಂಭವಾದ ಇನ್ನೊಂದು ಮೂರೇ ವರ್ಷಗಳಲ್ಲಿ ಬಾಗಿಲು ಮುಚ್ಚುತ್ತದೆ. ಇದಕ್ಕೆ ಕಾರಣವೇನೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಬಂಡವಾಳದ ಅಥವಾ ಅದೃಷ್ಟದ ಮಾತನ್ನಾಡುತ್ತಾರೆ. ವ್ಯಾಪಾರಕ್ಕೆ ಬಂಡವಾಳ ಬೇಕೆಂಬುದರಲ್ಲಿ ಸಂಶಯವಿಲ್ಲ. ಆದರೆ ಇತಿಹಾಸವನ್ನು ಅವಲೋಕಿಸಿದಾಗ, ವ್ಯಾಪಾರವನ್ನು ಉಳಿಸಿದ್ದೂ ಕೆಡಿಸಿದ್ದೂ ಬಹುಮಟ್ಟಿಗೆ ಮಾರುವವನ ಮತ್ತು ಕೊಳ್ಳುವವನ ನಡುವಿನ ಕರಾರು ಎಂಬುದು ತಿಳಿದುಬರುತ್ತದೆ. ನಷ್ಟ ಬಂದಾಗ ಅದನ್ನು ಯಾರು ಹೊರಬೇಕು? ಈ ಪ್ರಶ್ನೆಗೆ ಮೊದಲೇ ನ್ಯಾಯವಾದ ಉತ್ತರ ಕಂಡುಕೊಂಡ ವ್ಯಾಪಾರ ನಿಲ್ಲುತ್ತದೆ. ಇದನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ವ್ಯಾಪಾರವೇ ನಮ್ಮ ಕಣ್ಣೆದುರಿಗಿದೆ.

ಪಾಪನಪಲ್ಲಿಯಿಂದ ಮಾವಿನ ಪಟ್ಟಣದವರೆಗೆ

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ಹೈದರಲಿ ಮತ್ತು ಟಿಪ್ಪು ಸುಲ್ತಾನರ ಆಡಳಿತದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ಪೂರ್ಣಯ್ಯನವರು 1799ರ ನಂತರ ಮೈಸೂರಿನ ದಿವಾನರಾದರು. ಅವರ ಮಗ ಶ್ರೀನಿವಾಸಮೂರ್ತಿಯ ಹೆಸರೇ ಈ ಊರಿಗೆ ಬಂದಿತು. ಹೈದರಲಿ ಹುಟ್ಟಿದ ಬೂದಿಕೋಟೆಯೂ ಇದೇ ಜಿಲ್ಲೆಯಲ್ಲಿದೆ.

ಇದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಹಿರಿಯರು ಕೆರೆಗಳನ್ನು ಕಟ್ಟಿ ಮಳೆನೀರನ್ನು ಹಿಡಿದಿಟ್ಟು ಬದುಕಿದರು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿಗೂ ಆಳಕ್ಕೆ ಇಳಿದವು. ಇಂತಹ ನೆಲದಲ್ಲಿ ಆಳಕ್ಕೆ ಬೇರಿಳಿಸಿ, ಮಳೆಯನ್ನೇ ನಂಬಿ ಫಲ ಕೊಡುವ ಮಾವಿನ ಮರ ರೈತನ ಕೈ ಹಿಡಿಯಿತು. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಸಣ್ಣ ರೈಲು ಬಂದಿತು. ಆ ಬಳಿಕ ಲಾರಿಗಳು ಬಂದವು. ಇಂದು ರಾಜ್ಯದ ಮಾವಿನ ಜಿಲ್ಲೆಗಳಲ್ಲಿ ಕೋಲಾರ ಅಗ್ರಸ್ಥಾನದಲ್ಲಿದೆ, ಕೋಲಾರದ ಮಾವಿಗೆ ಶ್ರೀನಿವಾಸಪುರವೇ ಕೇಂದ್ರ. ತಾಲ್ಲೂಕಿನ ಹೊಗಳಗೆರೆಯಲ್ಲಿ ಮಾವಿಗೆಂದೇ ಸರಕಾರದ ಅಭಿವೃದ್ಧಿ ಕೇಂದ್ರವಿದೆ.

ಮೇ ತಿಂಗಳಿಂದ ಜುಲೈವರೆಗೆ ಇಲ್ಲಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾದಾಮಿ, ಬೇನಿಶಾ, ಸೇಂದೂರ, ಮಲ್ಲಿಕಾ, ನೀಲಂ ಮುಂತಾದ ಹಣ್ಣುಗಳು ದೂರದ ನಗರಗಳಿಗೆ ಹೋಗುತ್ತವೆ. ರಾಶಿ ರಾಶಿಯಾಗಿ ಬರುವ ತೋತಾಪುರಿಯ ಬಹುಭಾಗ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಸೇರುತ್ತದೆ. ತೋಪಿನ ಗುತ್ತಿಗೆ, ಮಂಡಿ, ಕಾಯಿ ಕೀಳುವುದು, ಪ್ಯಾಕಿಂಗ್, ಲಾರಿ, ಹೀಗೆ ಈ ಸರಪಳಿಯ ಪ್ರತಿಯೊಂದು ಕೊಂಡಿಯಲ್ಲೂ ನಮ್ಮ ಸಮುದಾಯದ ಕುಟುಂಬಗಳ ಅನ್ನವಿದೆ. ಆದುದರಿಂದ ಈ ವ್ಯಾಪಾರದ ಏಳುಬೀಳು ನಮ್ಮ ಮನೆಯ ಮಾತೂ ಹೌದು.

ಹೂವಿನಲ್ಲೇ ಮಾರಾಟವಾಗುವ ಬೆಳೆ

ಮಾವಿನ ವ್ಯಾಪಾರದ ಕಷ್ಟ ಆರಂಭವಾಗುವುದು ಮಾರುಕಟ್ಟೆಯಲ್ಲಲ್ಲ, ತೋಪಿನಲ್ಲಿ. ಚಳಿಗಾಲದಲ್ಲಿ ಮರ ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ಇಡೀ ತೋಪಿಗೆ ಬೆಲೆ ಕಟ್ಟುತ್ತಾನೆ. ರೈತನಿಗೆ ಮಗಳ ಮದುವೆಯೋ ಹಳೆಯ ಸಾಲವೋ ಇರುತ್ತದೆ. ಮುಂಗಡ ಕೈಗೆ ಬಂದರೆ ಅವನಿಗೆ ಆ ಹೊತ್ತಿನ ನೆಮ್ಮದಿ. ಬಳಿಕ ಮೋಡ ಕವಿಯಬಹುದು, ಜಿಗಿಹುಳು ಬೀಳಬಹುದು, ಆಲಿಕಲ್ಲು ಮಳೆ ಸುರಿಯಬಹುದು. ಒಂದು ವರ್ಷ ತುಂಬಿ ಬಿಟ್ಟ ಮರ ಮರುವರ್ಷ ಬರಿದಾಗಿ ನಿಲ್ಲುವುದೂ ಮಾವಿನ ಸ್ವಭಾವವೇ. ಫಸಲು ಕೆಟ್ಟರೆ ವ್ಯಾಪಾರಿ ಉಳಿದ ಹಣ ಕೊಡಲು ಹಿಂಜರಿಯುತ್ತಾನೆ. ಫಸಲು ಚೆನ್ನಾಗಿ ಬಂದರೆ ತಾನು ಮೋಸಹೋದೆನೆಂದು ರೈತ ಕೊರಗುತ್ತಾನೆ. ಎರಡೂ ಸಂದರ್ಭಗಳಲ್ಲಿ ಉಳಿಯುವುದು ಜಗಳ. ಮರುವರ್ಷ ಇಬ್ಬರೂ ಪರಸ್ಪರರ ಮುಖ ನೋಡುವುದಿಲ್ಲ.

ಈ ಜಗಳ ಹೊಸತಲ್ಲ. ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದ ಖರ್ಜೂರದ ತೋಟಗಳಲ್ಲಿ ಇದೇ ನಡೆಯುತ್ತಿತ್ತು. ಸಹೀಹ್ ಬುಖಾರಿಯಲ್ಲಿ ಹ. ಝೈದ್ ಬಿನ್ ಸಾಬಿತ್(ರ)ರವರು ಅದನ್ನು ವಿವರಿಸಿದ್ದಾರೆ. ಜನರು ಕಾಯಿ ಬಲಿಯುವ ಮೊದಲೇ ಕೊಂಡುಕೊಳ್ಳುತ್ತಿದ್ದರು. ಕೊಯ್ಲಿನ ಸಮಯದಲ್ಲಿ ಕೊಂಡವನು ಫಲಕ್ಕೆ ರೋಗ ತಗಲಿತೆಂದು ಒಂದೊಂದು ರೋಗದ ಹೆಸರು ಹೇಳಿ ವಾದಿಸುತ್ತಿದ್ದನು. ಇಂತಹ ತಂಟೆಗಳು ಹೆಚ್ಚಾದಾಗ ಪ್ರವಾದಿ ಮುಹಮ್ಮದ್(ಸ)ರವರು, ಫಲದಲ್ಲಿ ಪಕ್ವತೆ ಕಾಣುವವರೆಗೆ ಅದನ್ನು ಮಾರಬಾರದೆಂದು ತಿಳಿಸಿದರು. ನಿಯಮವು ಗ್ರಂಥದ ಕೋಣೆಯಲ್ಲಿ ಹುಟ್ಟಲಿಲ್ಲ, ವ್ಯಾಪಾರ ಕೆಡುತ್ತಿದ್ದುದನ್ನು ಕಂಡು ಬಂದಿತು ಎಂಬುದು ಇಲ್ಲಿ ಗಮನಾರ್ಹ.

ಹಾಗಾದರೆ ಕೊಯ್ಲಿಗೆ ಮೊದಲು ಹಣ ಬೇಕಾದ ರೈತ ಏನು ಮಾಡಬೇಕು? ಅದಕ್ಕೂ ದಾರಿಯಿತ್ತು. ಪ್ರವಾದಿ(ಸ)ರವರು ಮದೀನಾಕ್ಕೆ ಬಂದಾಗ ಅಲ್ಲಿಯವರು ಖರ್ಜೂರಕ್ಕೆ ಎರಡು ಮೂರು ವರ್ಷಗಳ ಮುಂಗಡ ಕೊಡುತ್ತಿದ್ದರೆಂದು ಹ. ಇಬ್ನು ಅಬ್ಬಾಸ್(ರ)ರವರ ವರದಿಯಿದೆ. ಪ್ರವಾದಿ(ಸ)ರವರು ಅದನ್ನು ನಿಲ್ಲಿಸಲಿಲ್ಲ. ಅಳತೆ, ತೂಕ ಮತ್ತು ಅವಧಿ ಮೂರೂ ನಿಶ್ಚಿತವಾಗಿರಬೇಕೆಂಬ ಷರತ್ತು ವಿಧಿಸಿದರು. ಇದನ್ನೇ ಕರ್ಮಶಾಸ್ತ್ರದಲ್ಲಿ ಸಲಮ್ ಎನ್ನುತ್ತಾರೆ. ಇಂತಹ ಕರಾರಿನಲ್ಲಿ ಬೆಲೆಯನ್ನು ಮೊದಲೇ ಪೂರ್ತಿಯಾಗಿ ಕೊಡಬೇಕು. ಇಂತಹದೇ ತೋಟದ ಫಲವೆಂದು ಅದನ್ನು ಒಂದು ತೋಟಕ್ಕೆ ಕಟ್ಟಿಹಾಕುವಂತಿಲ್ಲ. ಏಕೆಂದರೆ ಆ ತೋಟ ಆ ವರ್ಷ ಫಲ ಕೊಡದೆ ಇರಬಹುದು.

ಇನ್ನು ಮಾರಾಟವಾದ ಫಲಕ್ಕೆ ಪ್ರಕೃತಿ ವಿಕೋಪ ತಗಲಿದರೆ ಅದರ ನಷ್ಟವನ್ನು ಬೆಲೆಯಲ್ಲಿ ಕಳೆಯಬೇಕೆಂಬ ಆದೇಶ ಹ. ಜಾಬಿರ್(ರ)ರವರಿಂದ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಇಮಾಮ್ ಮಾಲಿಕ್(ರ)ರವರು ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದರೆ ಇದನ್ನು ಕಡ್ಡಾಯವೆಂದರು. ಹನಫೀ ವಿದ್ವಾಂಸರು ಇದನ್ನು ಕಡ್ಡಾಯವೆನ್ನದೆ ಔದಾರ್ಯವೆಂದು ಪರಿಗಣಿಸಿದರು. ಅಭಿಪ್ರಾಯ ಭೇದವಿದ್ದರೂ ಆಶಯ ಒಂದೇ: ಆಲಿಕಲ್ಲು ಬಿದ್ದ ವರ್ಷದ ಇಡೀ ಭಾರವನ್ನು ಒಬ್ಬನ ತಲೆಯ ಮೇಲೆ ಹೊರಿಸುವುದು ಉತ್ತಮ ವ್ಯಾಪಾರವಲ್ಲ.

ಮಾರುಕಟ್ಟೆಯ ತಕ್ಕಡಿ

ತೋಪಿನಿಂದ ಹಣ್ಣು ಮಂಡಿಗೆ ಬಂದಾಗ ಎರಡನೆಯ ಪರೀಕ್ಷೆ ಎದುರಾಗುತ್ತದೆ. ಕೃಷಿ ಮಾರುಕಟ್ಟೆಗಳಿಗಾಗಿ ಕರ್ನಾಟಕ 1966ರಲ್ಲಿ ಕಾಯಿದೆ ಮಾಡಿತು. ಬಹಿರಂಗ ಹರಾಜು, ಸರಿಯಾದ ತೂಕ, ಅಧಿಕೃತ ರಶೀದಿ, ರೈತನಿಂದ ಕಮಿಷನ್ ಪಡೆಯದಿರುವುದು ಇವು ಅದರ ತಿರುಳು. ಆದರೂ ರಾಜ್ಯದ ಅನೇಕ ಮಾರುಕಟ್ಟೆಗಳಲ್ಲಿ ಬಿಳಿ ಚೀಟಿಯ ವ್ಯವಹಾರ, ತೂಕದಲ್ಲಿ ಕಡಿತ, ಮುಂಗಡ ಕೊಟ್ಟವನಿಗೇ ಹಣ್ಣು ತರಬೇಕೆಂಬ ಒತ್ತಡ ಇವುಗಳ ಬಗ್ಗೆ ರೈತರ ದೂರು ನಿಂತಿಲ್ಲ. ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆಯೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಹಳ್ಳಿಯಿಂದ ಸರಕು ತರುವವರನ್ನು ಪೇಟೆಯ ಬೆಲೆ ತಿಳಿಯುವ ಮೊದಲೇ ದಾರಿಯಲ್ಲಿ ತಡೆದು ಕೊಳ್ಳುವುದನ್ನೂ ಪ್ರವಾದಿ(ಸ)ರವರು ನಿಷೇಧಿಸಿದರು.

ಇವೆಲ್ಲ ಕೇವಲ ಪರಲೋಕದ ಎಚ್ಚರಿಕೆಗಳಲ್ಲ. ತೂಕದಲ್ಲಿ ನಾಲ್ಕು ಕೆ.ಜಿ. ಕದ್ದವನಿಗೆ ಆ ದಿನ ಲಾಭವಾಗುತ್ತದೆ. ಮರುವರ್ಷ ರೈತ ಬೇರೆ ಮಂಡಿಯ ಕಡೆಗೆ ಟ್ರ್ಯಾಕ್ಟರ್ ತಿರುಗಿಸುತ್ತಾನೆ. ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರವರು ಮಕ್ಕಾದಿಂದ ಬರಿಗೈಯಲ್ಲಿ ಬಂದವರು. ಅನ್ಸಾರಿ ಸಹೋದರರು ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದಾಗ, ಅವರು ಕೇಳಿದ್ದು ಮಾರುಕಟ್ಟೆಯ ದಾರಿಯನ್ನು ಮಾತ್ರ. ಬೆಣ್ಣೆ, ಗಿಣ್ಣಿನಂತಹ ಸಣ್ಣ ಸರಕಿನಿಂದ ಆರಂಭಿಸಿ ಅವರು ಮದೀನಾದ ಶ್ರೀಮಂತರಲ್ಲಿ ಒಬ್ಬರಾದರು. ಬರಿಗೈಯವನೂ ಬೆಳೆಯಬಲ್ಲಂತಹ ನ್ಯಾಯವಾದ ಮಾರುಕಟ್ಟೆ ಅಲ್ಲಿತ್ತು ಎಂಬುದನ್ನು ನಾವು ಮರೆಯಬಾರದು.

ಸಣ್ಣವನ ಬಂಡವಾಳ

ಬಂಡವಾಳದ ವಿಷಯದಲ್ಲೂ ನಮ್ಮ ನಾಡಿನ ಇತಿಹಾಸದಲ್ಲಿ ಪಾಠವಿದೆ. ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಟಿಪ್ಪು ಸುಲ್ತಾನರು ಹೊರಡಿಸಿದ ವಾಣಿಜ್ಯ ನಿಯಮಗಳಲ್ಲಿ, ಸರಕಾರದ ವ್ಯಾಪಾರದಲ್ಲಿ ಪ್ರಜೆಗಳೂ ಹಣ ತೊಡಗಿಸಲು ಅವಕಾಶವಿತ್ತು. 500 ರೂಪಾಯಿವರೆಗೆ ಹಾಕಿದವರಿಗೆ ಶೇ. 50, 500ರಿಂದ 5,000ದವರೆಗೆ ಶೇ. 25, ಅದಕ್ಕಿಂತ ಹೆಚ್ಚು ಹಾಕಿದವರಿಗೆ ಶೇ. 12ರಷ್ಟು ಲಾಭ ಎಂದು ಗೊತ್ತುಪಡಿಸಲಾಗಿತ್ತು. ಈ ದರಗಳ ಧಾರ್ಮಿಕ ವಿಮರ್ಶೆ ಬೇರೆಯೇ ವಿಷಯ. ಇಲ್ಲಿ ನಾವು ನೋಡಬೇಕಾದುದು ಅದರ ದಿಕ್ಕನ್ನು. ಇಂದು ದೊಡ್ಡವನಿಗೆ ಕಡಿಮೆ ದರದಲ್ಲಿ ಸಾಲ ಸಿಗುತ್ತದೆ, ತಳ್ಳುಗಾಡಿಯವನು ದಿನದ ಬಡ್ಡಿಗೆ ಹಣ ತರುತ್ತಾನೆ. ಆ ನಿಯಮವು ಸಣ್ಣವನಿಗೆ ಹೆಚ್ಚು ಕೊಟ್ಟು ಅವನನ್ನು ವ್ಯಾಪಾರದೊಳಕ್ಕೆ ಸೆಳೆಯಿತು.

ಬಡ್ಡಿಯಿಲ್ಲದ ಪಾಲುದಾರಿಕೆಯೂ ನಮಗೆ ಅಪರಿಚಿತವಲ್ಲ. ಮಕ್ಕಾದ ಹ. ಖದೀಜಾ(ರ)ರವರು ಬಂಡವಾಳ ಹೂಡಿದರು, ಪ್ರವಾದಿ(ಸ)ರವರು ತಮ್ಮ ಯೌವನದಲ್ಲಿ ಅದನ್ನು ಕೊಂಡೊಯ್ದು ಸಿರಿಯಾದಲ್ಲಿ ವ್ಯಾಪಾರ ಮಾಡಿದರು. ಇಂತಹ ಪಾಲುದಾರಿಕೆಯಲ್ಲಿ ಲಾಭದಲ್ಲಿ ಇಬ್ಬರಿಗೂ ಪಾಲು. ಹಣಕ್ಕೆ ನಷ್ಟವಾದರೆ ಅದು ಹಣ ಹೂಡಿದವನದು, ದುಡಿದವನಿಗೆ ಶ್ರಮದ ನಷ್ಟ. ಇಲ್ಲಿಯೂ ನಷ್ಟದ ಪ್ರಶ್ನೆಗೆ ಮೊದಲೇ ಉತ್ತರವಿದೆ.

2025ರ ಬೇಸಿಗೆ ಕಲಿಸಿದ್ದು

ಆದರೆ ಕರಾರು ಎಷ್ಟೇ ನ್ಯಾಯವಾಗಿದ್ದರೂ ಒಬ್ಬನೇ ಗಿರಾಕಿಯನ್ನು ನಂಬಿದ ವ್ಯಾಪಾರ ಅಪಾಯದಲ್ಲಿರುತ್ತದೆ. ಶ್ರೀನಿವಾಸಪುರದ ತೋತಾಪುರಿಗೆ ಬಹುಕಾಲದಿಂದ ಆಧಾರವಾಗಿದ್ದುದು ಗಡಿಯಾಚೆಯ ಚಿತ್ತೂರು ಜಿಲ್ಲೆಯ ತಿರುಳಿನ ಕಾರ್ಖಾನೆಗಳು. 2025ರ ಜೂನ್‌ನಲ್ಲಿ ಅಲ್ಲಿಯ ಜಿಲ್ಲಾಡಳಿತವು ತನ್ನ ರೈತರಿಗೆ ಬೆಲೆ ಉಳಿಸಿಕೊಡಲು ಹೊರರಾಜ್ಯದ ತೋತಾಪುರಿಯ ಪ್ರವೇಶವನ್ನು ತಡೆಯಿತು. ಲಾರಿಗಳು ನಿಂತವು. ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು, ರೈತರು ಹಣ್ಣನ್ನು ರಸ್ತೆಗೆ ಸುರಿದರು. ಕ್ವಿಂಟಾಲಿಗೆ 5,466 ರೂಪಾಯಿ ಖರ್ಚು ಬೀಳುವ ಮಾವಿನ ಬೆಲೆ 3,000 ರೂಪಾಯಿಗೆ ಕುಸಿದಿದೆಯೆಂದು ರಾಜ್ಯ ಸರಕಾರ ಕೇಂದ್ರಕ್ಕೆ ಬರೆಯಿತು. ಕೊನೆಗೆ 2.5 ಲಕ್ಷ ಟನ್ ತೋತಾಪುರಿಗೆ ಕ್ವಿಂಟಾಲಿಗೆ 1,616 ರೂಪಾಯಿಯ ದರದಲ್ಲಿ ನೆರವಿನ ಯೋಜನೆ ಮಂಜೂರಾಯಿತು.

ಗಡಿಯಾಚೆಯ ರೈತನನ್ನು ದೂಷಿಸುವುದು ಸುಲಭ. ಅವನೂ ನಮ್ಮಂತೆಯೇ ಬೆಲೆ ಕುಸಿತದಲ್ಲಿ ಸಿಲುಕಿದವನು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಇಷ್ಟು ಹಣ್ಣು ಬೆಳೆಯುವ ತಾಲ್ಲೂಕಿನಲ್ಲಿ ಅದಕ್ಕೆ ತಕ್ಕಷ್ಟು ತಿರುಳಿನ ಘಟಕಗಳು, ಶೀತಲ ಗೃಹಗಳು ಇಷ್ಟು ವರ್ಷಗಳಲ್ಲಿ ಏಕೆ ಬರಲಿಲ್ಲ? ತೋಪಿನ ಒಡೆಯ, ಗುತ್ತಿಗೆದಾರ, ಮಂಡಿಯವನು, ಇವರು ಒಂದು ಫಸಲಿನ ಆಚೆಗೆ ಪರಸ್ಪರರನ್ನು ನಂಬದಿರುವಾಗ ಹತ್ತು ಜನ ಸೇರಿ ಒಂದು ಘಟಕ ಕಟ್ಟುವುದಾದರೂ ಹೇಗೆ? ಸರಕಾರದ ಹೊಣೆ ಇದ್ದೇ ಇದೆ. ಜೊತೆಗೆ ನಂಬಿಕೆಯ ಕೊರತೆಯೂ ಒಂದು ಕಾರಣವೆಂದು ನಮಗನಿಸುತ್ತದೆ.

ನಮ್ಮ ಯುವಕರು ಅಂಗಡಿ ತೆರೆಯಲು, ಗುತ್ತಿಗೆ ಹಿಡಿಯಲು ಹೊರಟಾಗ ಮನೆಯ ಹಿರಿಯರು ಹಣ ಹೊಂದಿಸಿಕೊಡುತ್ತಾರೆ. ಅದರೊಂದಿಗೆ ಕರಾರನ್ನು ಬರೆದಿಡುವುದನ್ನೂ ಕಲಿಸಬೇಕು. ಎಷ್ಟು, ಯಾವಾಗ, ಯಾವ ದರಕ್ಕೆ, ಕೆಟ್ಟರೆ ಯಾರಿಗೆ ಎಷ್ಟು ಪಾಲು ಎಂಬುದು ಕಾಗದದ ಮೇಲಿರಲಿ. ತಕ್ಕಡಿ ಎಲ್ಲರಿಗೂ ಕಾಣುವಂತಿರಲಿ. ಒಬ್ಬನೇ ಗಿರಾಕಿಯ ಮೇಲೆ, ಒಂದೇ ತಳಿಯ ಮೇಲೆ ಇಡೀ ಮನೆಯ ಭಾರ ಬೀಳದಿರಲಿ. ಕುಟುಂಬದಲ್ಲಿ ಉಳಿತಾಯವಿರುವವರು ಬಡ್ಡಿಯ ಬದಲು ಪಾಲುದಾರರಾಗಿ ಕೈಜೋಡಿಸಲಿ. ಮುಂದಿನ ಚಳಿಗಾಲದಲ್ಲಿ ತೋಪುಗಳು ಮತ್ತೆ ಹೂ ಬಿಡುತ್ತವೆ, ಮುಂಗಡದ ಮಾತುಕತೆಗಳು ಮತ್ತೆ ಆರಂಭವಾಗುತ್ತವೆ. ಆ ಮಾತುಕತೆಗಳಲ್ಲಿ ನ್ಯಾಯಪಾಲಿಸುವ ಮನಸ್ಸನ್ನೂ, ದುಡಿಮೆಯಲ್ಲಿ ಬರಕತ್ತನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.