ಕಾಲು, ಅರೆ, ಮುಕ್ಕಾಲು: ನಮ್ಮವ್ವನಿಗೆ ‘ಬರದ’ ಲೆಕ್ಕದ ಕಥೆ

ಈ ಸಲ ರಾಜರಿಲ್ಲ, ಯುದ್ಧ ಇಲ್ಲ. ಒಂದು ಹೋಮ್‌ವರ್ಕ್ ಇದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಮುಳ್ಳೂರು. ಕೊಳ್ಳೇಗಾಲ ತಾಲ್ಲೂಕು, ಕಾವೇರಿ ಕಡೆಯ ಊರು. ಹೊಳೆ ಉಕ್ಕಿದ ವರ್ಷ ಟಿವಿಯಲ್ಲಿ ದಾಸನಪುರ, ಹಳೇ ಅಣಗಳ್ಳಿ ಜೊತೆ ನಮ್ಮೂರ ಹೆಸರೂ ಓಡುತ್ತೆ. ಉಳಿದ ವರ್ಷ ಯಾರೂ ಕೇಳಲ್ಲ.

ನಾನು ಹೋದಾಗ ಅವ್ವ ಫೋನಲ್ಲಿದ್ದರು. ರೇಷ್ಮೆ ಗೂಡಿನ ಮಾತು. ಹನ್ನೆರಡೂವರೆ ಕೆಜಿ, ಕೆಜಿಗೆ ನಾನೂರ ಎಂಬತ್ತು. ಬಿ.ಕಾಂ ಮಾಡಿರೋ ನಾನು ಕ್ಯಾಲ್ಕುಲೇಟರ್ ತೆಗೆಯೋಷ್ಟರಲ್ಲಿ ಅವ್ವ "ಆರು ಸಾವ್ರ ಆಯ್ತು, ಸರಿಯಾಗಿ ಕೊಡ್ರಪ್ಪ" ಅಂತ ಫೋನ್ ಇಟ್ಟಿದ್ದರು. ಹೇಗೆ ಅಂತ ಕೇಳಿದೆ. "ಹತ್ತಕ್ಕ ನಾಕ್‌ಸಾವ್ರದ ಎಂಟ್ನೂರು. ಎರಡೂವರೆ ಅಂದ್ರ ಅದರ ಕಾಲ್‌ಭಾಗ, ಸಾವ್ರದ ಇನ್ನೂರು. ಇನ್ಯಾನ ಅದ ಅದ್ರಲ್ಲಿ?"

ಹತ್ತು ನಿಮಿಷ ಆಗಿಲ್ಲ, ಅಕ್ಕನ ಮಗಳು ನೋಟ್‌ಬುಕ್ ತಂದಳು. ಏಳನೇ ಕ್ಲಾಸು. 36 ಇಂಟು 2.5. ಅಜ್ಜಿ ಮುಂದೆ ಹಿಡಿದಳು. ಅವ್ವ ಪುಸ್ತಕ ನೋಡಿದ್ದೇ ಮುಖ ತಿರುಗಿಸಿ, "ನಂಗ ಲೆಕ್ಕ ಬರಲ್ಲ ಕನ ಮೊಗ, ನಿಮ್ಮ ಮಾವುನ್ನ ಕೇಳು" ಅಂದರು. ಒಲೆ ಕಡೆ ಹೋದರು.

ಅವ್ವ ಸುಳ್ಳು ಹೇಳಿದ್ದಲ್ಲ. ಅವರು ಅದನ್ನ ನಿಜವಾಗ್ಲೂ ನಂಬಿದ್ದಾರೆ. ಆ ನಂಬಿಕೆ ಯಾವಾಗ ಬಂತು ಅನ್ನೋದೇ ಈ ಸಂಚಿಕೆ.

ಸ್ವಲ್ಪ ಹಿಂದೆ ಹೋಗೋಣ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆ ಹಂಚಿಕೆ ಆಯ್ತಲ್ಲ, ಆಗ ಕೊಳ್ಳೇಗಾಲ ಕಂಪನಿ ಪಾಲಿಗೆ ಹೋಯ್ತು. ಮದ್ರಾಸ್ ಪ್ರೆಸಿಡೆನ್ಸಿ, ಕೊಯಮತ್ತೂರು ಜಿಲ್ಲೆ. ಪಕ್ಕದ ಯಳಂದೂರು ಮೈಸೂರಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಯ್ತು. ಎರಡೂ ಕಡೆ ಕನ್ನಡ ಮಾತು, ಸರ್ಕಾರ ಮಾತ್ರ ಬೇರೆ. ಸುಮಾರು ನೂರೈವತ್ತು ವರ್ಷ ಹೀಗೇ ಇತ್ತು.

1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಎಲ್ಲ ಕಲೆಕ್ಟರ್‌ಗಳಿಗೂ ಒಂದು ಆದೇಶ ಕಳಿಸಿದ: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆ ಇವೆ, ಎಷ್ಟು ಮಕ್ಕಳು ಓದ್ತಾರೆ, ಬರೆದು ಕಳಿಸಿ. ನಮ್ಮ ಕೊಯಮತ್ತೂರಿನ ಕಲೆಕ್ಟರ್ ಆಗ ಜಾನ್ ಸಲಿವನ್, ಮುಂದೆ ಊಟಿ ಕಟ್ಟಿದವನು ಅಂತ ಹೆಸರಾದ ಅದೇ ಸಲಿವನ್. ಅವನ ಲೆಕ್ಕದಲ್ಲಿ ಜಿಲ್ಲೆಗೆ 763 ಶಾಲೆ. ಇಡೀ ಪ್ರೆಸಿಡೆನ್ಸಿಯ ಮೊತ್ತವನ್ನ ಮನ್ರೋ 1826ರಲ್ಲಿ ಬರೆದಿಟ್ಟ: 12,498 ಶಾಲೆ, 1,88,650 ಮಕ್ಕಳು.

ಈ ಅಂಕಿಗಳನ್ನ ಹಿಡ್ಕೊಂಡು ಇವತ್ತಿಗೂ ಜಗಳ ನಡೆಯುತ್ತೆ, ಬ್ರಿಟಿಷರು ಬರೋ ಮುಂಚೆ ನಮ್ಮ ಶಿಕ್ಷಣ ಹೇಗಿತ್ತು ಅಂತ. ಅದು ಬೇರೆ ಸಂಚಿಕೆ. ನನ್ನ ಕಣ್ಣು ಹೋಗಿದ್ದು ಇನ್ನೊಂದು ಅಂಕಿ ಮೇಲೆ. ಮದ್ರಾಸ್ ಪಟ್ಟಣದಲ್ಲಿ ಶಾಲೆಗೆ ಹೋಗೋ ಮಕ್ಕಳು ಐದೂವರೆ ಸಾವಿರದಷ್ಟು. ಮನೆಯಲ್ಲೇ ಕಲಿಯೋ ಮಕ್ಕಳು 26,963. ಐದು ಪಟ್ಟು! ಮನ್ರೋಗೇ ಇದು ಪೂರ್ತಿ ನಂಬಿಕೆ ಬರಲಿಲ್ಲ, ಎಲ್ಲೋ ತಪ್ಪಿರಬಹುದು ಅಂದ. ಆದ್ರೆ ಮನೆಪಾಠ ದೊಡ್ಡ ಪ್ರಮಾಣದಲ್ಲಿದೆ ಅನ್ನೋದನ್ನ ಒಪ್ಪಿದ. ನೆಂಟರೋ, ಮನೆಗೆ ಬರೋ ಮೇಷ್ಟ್ರೋ ಕಲಿಸ್ತಿದ್ದರು. ಜಿಲ್ಲೆಗಳಿಂದ ಮನೆಪಾಠದ ಲೆಕ್ಕ ಬಂದಿಲ್ಲ, ಅದನ್ನೂ ಸೇರಿಸಿದ್ರೆ ಓದುವ ಗಂಡುಮಕ್ಕಳ ಪಾಲು ಇನ್ನೂ ಜಾಸ್ತಿ ಅಂತ ಅವನ ಅಂದಾಜು.

ಗಂಡುಮಕ್ಕಳು. ಈ ಪದ ನೆನಪಿರಲಿ. ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿ ಪ್ರಕಾರ ಆ ಜಿಲ್ಲೆಯಲ್ಲಿ 533 ಶಾಲೆ, ಅದರಲ್ಲಿ 235 ಕನ್ನಡದ್ದು. ಒಟ್ಟು ಮಕ್ಕಳು 6,641. ಹೆಣ್ಣುಮಕ್ಕಳು ಅರವತ್ತು. ಅರವತ್ತು ಪರ್ಸೆಂಟ್ ಅಲ್ಲ, ಅರವತ್ತು ಜನ.

ಕ್ಯಾಂಪ್‌ಬೆಲ್ ವರದಿ ಓದೋಕೆ ಮಜಾ ಇದೆ. ನಮ್ಮ ಕಡೆ ಕೂಲಿಮಠ ಅಂತಿದ್ದರಲ್ಲ, ಅಪ್ಪ-ಅಮ್ಮ ದುಡ್ಡೋ ದವಸವೋ ಕೊಟ್ಟು ನಡೆಸ್ತಿದ್ದ ಜಗಲಿ ಶಾಲೆ, ಅಂಥದ್ದರ ಒಳಗಿನ ಚಿತ್ರ ಅದು. ಬೆಳಗ್ಗೆ ಆರಕ್ಕೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಹೆಸರು ಬರೀತಾರೆ. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು. ಕೊನೆಗೆ ಬಂದವನ ಕಥೆ ನೀವೇ ಲೆಕ್ಕ ಹಾಕಿ. ನನ್ನ ಪ್ರಕಾರ ಸೊನ್ನೆ ಅನ್ನೋದನ್ನ ಇಷ್ಟು ಚೆನ್ನಾಗಿ ಇನ್ಯಾರೂ ಕಲಿಸಿಲ್ಲ.

ಮರಳಲ್ಲಿ ಬೆರಳಾಡಿಸಿ ಅಕ್ಷರ, ಅಂಕಿ. ಆಮೇಲೆ ಕಡತ: ಅಂಟು, ಇದ್ದಿಲು ಬಳಿದು ಕಪ್ಪಾಗಿಸಿ ಮಡಿಸಿದ ಬಟ್ಟೆ, ಅದರ ಮೇಲೆ ಬಳಪದಿಂದ ಬರೆಯೋದು. (ಇವತ್ತು ತಾಲ್ಲೂಕು ಆಫೀಸಲ್ಲಿ ‘ಕಡತ ವಿಲೇವಾರಿ’ ಅಂತಾರಲ್ಲ, ಅದೇ ಪದ.) ಆಮೇಲೆ ಮಗ್ಗಿ. ನಾವು ಕಲಿತಿದ್ದು ಎರಡರಿಂದ ಇಪ್ಪತ್ತರ ತನಕ. ಹಿಂದಿನವರದ್ದು ಅಲ್ಲಿಗೆ ಮುಗೀತಿರಲಿಲ್ಲ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಐದು ಕಾಲು ಅಂದ್ರೆ ಒಂದೂಕಾಲು, ಏಳು ಮುಕ್ಕಾಲು ಅಂದ್ರೆ ಐದೂಕಾಲು, ಹೀಗೆ. ಕಾಲಿನ ಅರ್ಧ ಅರೆಕಾಲು, ಅದರ ಅರ್ಧ ವೀಸ. ಒಂದರಲ್ಲಿ ಹದಿನಾರನೇ ಪಾಲು.

ಯಾಕೆ ಹದಿನಾರು? ರೂಪಾಯಿಗೆ ಹದಿನಾರಾಣೆ. ಸೇರಿಗೆ ಹದಿನಾರು ಚಟಾಕು. ಅಳತೆಗಳು ಸೀಮೆಯಿಂದ ಸೀಮೆಗೆ ಬೇರೆ ಇದ್ದವು, ಆದ್ರೆ ಅರ್ಧ, ಅದರ ಅರ್ಧ ಅಂತ ಒಡೆಯೋ ಬುದ್ಧಿ ಎಲ್ಲ ಕಡೆ ಒಂದೇ. ಸೇರು ಮೂರು ರೂಪಾಯಿ ಅಂದ್ರೆ ಚಟಾಕು ಮೂರಾಣೆ. ಐದು ರೂಪಾಯಿ ಅಂದ್ರೆ ಐದಾಣೆ. ಲೆಕ್ಕವೇ ಬೇಡ! ಸಂತೆಯಲ್ಲಿ ನಿಂತು ಅಕ್ಷರ ಬರದ ಹೆಂಗಸೂ ಇದನ್ನ ಮಾಡ್ತಿದ್ದಳು. ಕೂಲಿಮಠದ ಮಗ್ಗಿಯೂ ಸಂತೆಯ ಲೆಕ್ಕವೂ ಒಂದೇ ಭಾಷೆಯಲ್ಲಿದ್ದವು ಅನ್ನೋದು ನನಗೆ ಇಲ್ಲಿ ಮುಖ್ಯ. ಶಾಲೆಗೆ ಹೋಗದ ತಾಯಿ ಕೂಡ ಮಗ ಮಗ್ಗಿ ತಪ್ಪಿದ್ರೆ ಅಡುಗೆ ಮನೆಯಿಂದಲೇ ಹಿಡೀಬಹುದಿತ್ತು.

ಹೊಸದೇನಲ್ಲ ಇದು. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತದ ಪುಸ್ತಕ ಬರೆದ. ಒಂದರ ಹೆಸರು ‘ವ್ಯವಹಾರಗಣಿತ’. ಹೆಸರಲ್ಲೇ ವ್ಯವಹಾರ ಇದೆ. ಕಾಮರ್ಸ್ ಓದಿದ ನನಗೆ ಡಿಗ್ರಿಯ ಮೂರು ವರ್ಷದಲ್ಲಿ ಯಾರೂ ಆ ಹೆಸರು ಹೇಳಲಿಲ್ಲ.

ಈಗ ನಮ್ಮ ತಾತನ ಹತ್ರ ಬರೋಣ, ಅವ್ವನ ಅಪ್ಪ. ಹುಟ್ಟಿದ್ದು 1946ರ ಸುಮಾರಿಗೆ. ಶಾಲೆಗೆ ಸೇರಿದಾಗ ಅವರು ಮದ್ರಾಸ್ ರಾಜ್ಯದ ಹುಡುಗ. ಅವರಪ್ಪ ರಾತ್ರಿ ಹೊತ್ತು ಜಗಲಿ ಮೇಲೆ ಕೂರಿಸಿಕೊಂಡು ಕಾಲು ಮಗ್ಗಿ ಹೇಳಿಸ್ತಿದ್ದರಂತೆ. ಸಹಿ ಹಾಕೋಕೆ ಬರ್ತಿರಲಿಲ್ಲ ಆ ಮುತ್ತಾತನಿಗೆ, ಮುಕ್ಕಾಲು ಮಗ್ಗಿ ಬರ್ತಿತ್ತು.

1956 ನವೆಂಬರ್ 1. ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು. ನಾವು ಇದನ್ನ ರಾಜ್ಯೋತ್ಸವ ಅಂತ ಹಾಡಿ ಕುಣಿದು ಆಚರಿಸ್ತೀವಿ, ಆಚರಿಸಬೇಕು ಕೂಡ. ಆದ್ರೆ ತಾತನ ನೆನಪಲ್ಲಿ ಅದಕ್ಕಿಂತ ದೊಡ್ಡ ಗಲಾಟೆ ಐದು ತಿಂಗಳ ನಂತರದ್ದು. 1957 ಏಪ್ರಿಲ್ 1: ನಯಾ ಪೈಸೆ. ರೂಪಾಯಿಗೆ ಇನ್ಮೇಲೆ ಹದಿನಾರಲ್ಲ, ನೂರು.

ಒಂದಾಣೆಗೆ ಎಷ್ಟು ಪೈಸೆ? ಆರೂಕಾಲು. ಕಾಲು ಪೈಸೆ ನಾಣ್ಯ ಎಲ್ಲಿದೆ? ಹಾಗಾಗಿ ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ನೋಡಿ ಚಮತ್ಕಾರ: ಒಂದೊಂದಾಣೆ ಸಾಮಾನನ್ನ ಮೂರು ಸಲ ಬೇರೆ ಬೇರೆ ತಗೊಂಡ್ರೆ ಹದಿನೆಂಟು ಪೈಸೆ, ಒಟ್ಟಿಗೆ ತಗೊಂಡ್ರೆ ಹತ್ತೊಂಬತ್ತು! ಅಂಗಡಿಯವನ ಜೊತೆ ಮುತ್ತಾತ ಎಷ್ಟು ಸಲ ಜಗಳ ಆಡಿದರೋ ಲೆಕ್ಕ ಇಲ್ಲ ಅಂತ ತಾತ ನಗ್ತಾರೆ.

ಮುಂದಿನ ವರ್ಷದಿಂದ ತೂಕದಲ್ಲೂ ಸೇರು ಹೋಗಿ ಕಿಲೋ ಬರತೊಡಗಿತು. ದಶಮಾಂಶ ಪದ್ಧತಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸೀಮೆಗೊಂದು ಸೇರು ಇಟ್ಕೊಂಡು ಬಡವರಿಗೆ ಮೋಸ ಮಾಡೋದು ಸುಲಭ ಇತ್ತು, ಅದು ನಿಂತಿದ್ದು ಒಳ್ಳೆಯದೇ. ಆದ್ರೆ ಆ ಜಗಲಿ ಮೇಲೆ ಒಂದು ಸಣ್ಣ ಅನಾಹುತ ಆಯ್ತು. ಮಗ ಶಾಲೆಯಿಂದ ಬಿಂದು ಇಟ್ಟ ಲೆಕ್ಕ ತಂದ. ಅಪ್ಪನಿಗೆ ಬಿಂದು ಗೊತ್ತಿಲ್ಲ. "ಅವತ್ತಿಂದ ನಮ್ಮಪ್ಪ ನನ್ನ ಪಕ್ಕ ಕೂರ್ಲಿಲ್ಲ" ಅಂದರು ತಾತ. ಅಷ್ಟೇ ಅಂದರು, ಎದ್ದು ಎಲೆ-ಅಡಿಕೆ ಹುಡುಕೋಕೆ ಹೋದರು.

ತಾತ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟರು. ಅವ್ವನ್ನ ಐದನೇ ಕ್ಲಾಸಿಗೆ ಬಿಡಿಸಿದರು, ತಮ್ಮಂದಿರನ್ನ ನೋಡ್ಕೊಳ್ಳೋಕೆ. ಅವ್ವನಿಗೆ ಕಾಲು-ಅರೆ ಬಂದಿದ್ದು ತಾತನ ಬಾಯಿಂದ, ಗೂಡು ಮಾರೋಕೆ ಜೊತೆಗೆ ಹೋಗ್ತಾ ಹೋಗ್ತಾ. ಅದನ್ನ ಯಾರೂ ‘ಗಣಿತ’ ಅಂತ ಕರೀಲಿಲ್ಲ. ಗಣಿತ ಅಂದ್ರೆ ಪುಸ್ತಕದಲ್ಲಿರೋದು.

ನಾನು ಓದುವಾಗ ಅವ್ವ ಒಂದೇ ಒಂದು ಸಲ ಹೇಳಿಕೊಟ್ಟಿದ್ದರು. ಉತ್ತರ ಸರಿ ಇತ್ತು. ಶಾಲೆಯಲ್ಲಿ ಕೆಂಪು ಇಂಕಲ್ಲಿ ಅಡ್ಡಗೀಟು ಹಾಕಿ ‘ಕ್ರಮ ಎಲ್ಲಿ?’ ಅಂತ ಬರೆದು ಕಳಿಸಿದರು. ಕ್ರಮ ಬೇಕು, ಸರಿ. ಆದ್ರೆ ಅವ್ವನ ಹತ್ರ ಕ್ರಮ ಇತ್ತು, ಬರೆಯೋಕೆ ಗೊತ್ತಿರಲಿಲ್ಲ. ಅದನ್ನ ಬರೆದುಕೊಡಬೇಕಿದ್ದವನು ನಾನು. ನಾನು ಏನು ಮಾಡ್ದೆ? "ನಿಂಗೆ ಬರಲ್ಲ ಬಿಡವ್ವ" ಅಂದೆ. ಹತ್ತು ವರ್ಷದ ಹುಡುಗ. ಇವತ್ತಿಗೂ ನೆನಪಿದೆ.

ಇದು ನಮ್ಮನೆ ಕಥೆ ಮಾತ್ರ ಅಲ್ಲ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು, ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರಿದ್ದ ತಂಡದ್ದು. ಕೋಲ್ಕತ್ತ, ದಿಲ್ಲಿ ಮಾರ್ಕೆಟ್‌ಗಳಲ್ಲಿ ವ್ಯಾಪಾರ ಮಾಡೋ 1,436 ಮಕ್ಕಳು. ಬಾಯಿಲೆಕ್ಕ ಸಲೀಸು. ಅಂಥದ್ದೇ ಲೆಕ್ಕವನ್ನ ಪುಸ್ತಕದ ರೂಪದಲ್ಲಿ ಕೊಟ್ಟರೆ ತಡಕಾಟ. ಶಾಲೆಗೆ ಮಾತ್ರ ಹೋಗೋ 471 ಮಕ್ಕಳದ್ದು ಉಲ್ಟಾ: ಪುಸ್ತಕದ್ದು ಬರುತ್ತೆ, ಅಂಗಡಿಯದ್ದು ಬರಲ್ಲ. ನಡುವೆ ಸೇತುವೆ ಇಲ್ಲ.

ಇನ್ನೊಂದು, ಅಮೆರಿಕದ್ದು, 2015ರಲ್ಲಿ ಬಂದಿದ್ದು. ಒಂದು ಮತ್ತು ಎರಡನೇ ಕ್ಲಾಸಿನ 438 ಮಕ್ಕಳನ್ನ ನೋಡಿದರು. ಗಣಿತ ಅಂದ್ರೆ ಭಯಪಡೋ ಅಪ್ಪ-ಅಮ್ಮ ಪದೇ ಪದೇ ಹೋಮ್‌ವರ್ಕಿಗೆ ಕೂತರೆ ಆ ಮಕ್ಕಳು ವರ್ಷದಲ್ಲಿ ಕಲಿತಿದ್ದು ಕಮ್ಮಿ, ಭಯ ಜಾಸ್ತಿ. ಓದಿದಾಗ ನನಗೆ ಬೇಜಾರಾಯ್ತು. ಹಾಗಾದ್ರೆ ಅವ್ವ ಒಲೆ ಕಡೆ ಹೋಗಿದ್ದೇ ಸರಿನಾ? ಆಮೇಲೆ ಅನ್ನಿಸ್ತು, ಅಡ್ಡ ಬಂದಿದ್ದು ಭಯ. ಗೂಡು ಮಾರುವಾಗ ಅವ್ವನಿಗೆ ಆ ಭಯ ಎಲ್ಲಿರುತ್ತೆ?

ನಮ್ಮ ರಾಜ್ಯದಲ್ಲಿ ಪ್ರಯತ್ನ ಆಗಿಲ್ಲ ಅಂತಲ್ಲ. 1995ರಲ್ಲಿ ಇಲ್ಲೇ ಹತ್ತಿರ, ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾಯ್ತು. ಅಕ್ಷರ ಫೌಂಡೇಶನ್‌ನವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗಣಿತ ಸ್ಪರ್ಧೆ ನಡೆಸ್ತಾರೆ, ಊರಿನವರ ಮುಂದೆಯೇ ಮಕ್ಕಳು ಲೆಕ್ಕ ಮಾಡ್ತಾರೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠ, ಜಗಲಿಗಳಲ್ಲಿ, ಮರದ ಕೆಳಗೆ ವಿದ್ಯಾಗಮ. ಕೆಲವು ತಿಂಗಳು ಜಗಲಿ ಮತ್ತೆ ಶಾಲೆಯಾಯ್ತು. ಆದ್ರೆ ಮನೆಯ ದೊಡ್ಡವರನ್ನ ‘ನಿಮಗೆ ಏನು ಲೆಕ್ಕ ಬರುತ್ತೆ?’ ಅಂತ ಕೇಳಿದ್ದನ್ನ ನಮ್ಮೂರಲ್ಲಂತೂ ನಾನು ನೋಡ್ಲಿಲ್ಲ.

ಅವತ್ತು ರಾತ್ರಿ ನಾನು ಒಂದು ಕೆಲಸ ಮಾಡ್ದೆ. ಪುಸ್ತಕ ಮುಚ್ಚಿಟ್ಟು ಅವ್ವನ್ನ ಕೇಳ್ದೆ: "ಕೆಜಿ ಮೂವತ್ತಾರು ರೂಪಾಯಂತೆ ಟೊಮ್ಯಾಟೊ, ಎರಡೂವರೆ ಕೆಜಿ ತಂದ್ರೆ?" ಸಾರಿಗೆ ಒಗ್ಗರಣೆ ಹಾಕ್ತಾ ಅವ್ವ, "ಎರಡ್ ಕೆಜಿಗ ಎಪ್ಪತ್ತೆರಡು, ಅರ್ಧಕ್ಕ ಹದಿನೆಂಟು, ತೊಂಬತ್ತು. ಯಾಕ್ಲಾ, ಇಷ್ಟು ದುಬಾರಿಗ ಯಾರ್ ತಂದರು?"

ಅಕ್ಕನ ಮಗಳು ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು. ಆಮೇಲೆ ಅಜ್ಜಿ ಪಕ್ಕ ಹೋಗಿ ಕೂತು, "ಅಜ್ಜಿ, ನಿಧಾನಕ್ಕ ಹೇಳು, ಬರ್ಕೋತೀನಿ" ಅಂದಳು. 36 ಇಂಟು 2, ಕೂಡಿಸು, 36ರ ಅರ್ಧ. ಮೂರು ಸಾಲು ಬರೆದಳು. ಕೊನೆಯಲ್ಲಿ 90. ಮಾರ್ಜಿನ್‌ನಲ್ಲಿ ಸಣ್ಣಕ್ಷರದಲ್ಲಿ ‘ಅಜ್ಜಿ ಕ್ರಮ’ ಅಂತ ಬರೆದು ಅಡಿಗೆರೆ ಎಳೆದಳು.

ಟೀಚರ್ ಅದನ್ನ ಇನ್ನೂ ನೋಡಿಲ್ಲ. ನೋಟ್‌ಬುಕ್ ಕಲೆಕ್ಷನ್ ಸೋಮವಾರ ಅಂತೆ. ಅವ್ವ ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ, ಗೀಟು ಹಾಕಿದ್ರ, ಹಾಕ್ಲಿಲ್ವ ಅಂತ.