ಗುಡಿಯ ಕಲ್ಲು, ಕೇರಿಯ ಕಲ್ಲು

ನಾವು ಓದಿದ ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ಇಂಥ ಅರಸ ಇಂಥ ದೇವಾಲಯವನ್ನು ಕಟ್ಟಿಸಿದನು. ಕಟ್ಟಿಸಿದನು! ಪಂಡಿತರು ಮುಚ್ಚಿಟ್ಟಿದ್ದನ್ನು ಕನ್ನಡದ ಕ್ರಿಯಾಪದ ತಾನೇ ಬಾಯಿಬಿಟ್ಟು ಹೇಳುತ್ತದೆ. ಅರಸ ಕಟ್ಟಲಿಲ್ಲ, ಕಟ್ಟಿಸಿದ. ಹಂಗಾದ್ರ ಕಟ್ಟಿದವರು ಯಾರು? ಬಂಡೆ ಸೀಳಿದವರು, ಹೊತ್ತವರು, ಉಳಿ ಹಿಡಿದವರು ಯಾರು? ಆ ಕಲ್ಲಿನ ಮೇಲೆ ಕೆತ್ತಿದ ದೇವರುಗಳು ಯಾರ ಪರವಾಗಿ ಮಾತಾಡುತ್ತವೆ? ಕೇರಿಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಮಗೆ ಈ ಪ್ರಶ್ನೆಗಳನ್ನು ಯಾರೂ ಪರೀಕ್ಷೆಯಲ್ಲಿ ಕೇಳಲಿಲ್ಲ. ಅದಕ್ಕೇ ನಾವೇ ಕೇಳಿಕೊಳ್ಳಬೇಕಾಗಿದೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ನೆಲವನ್ನು ಚರಿತ್ರೆಕಾರರು ರಾಯಚೂರು ದೋಆಬ್ ಎಂದು ಕರೆದರು. ವಿಜಯನಗರದವರೂ ಬಹಮನಿಗಳೂ ಇದಕ್ಕಾಗಿ ಹೊಡೆದಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನೂ ರಾಯಚೂರಿಗಾಗಿ ಕಾದಾಡಿದರು. ಈ ಯುದ್ಧಗಳ ಇಸವಿಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, ಶಾಸನಗಳು ಊರ ತುಂಬ ನಿಂತಿವೆ, ಮಳೆಶಂಕರನ ಗುಡಿ, ಬಂಗಾರ ಬಸಪ್ಪನ ಗುಡಿ ಅಲ್ಲಿವೆ ಎಂಬುದು ಪಕ್ಕದೂರಿನ ಶಾಲೆಯ ಮಕ್ಕಳಿಗೂ ಗೊತ್ತಿಲ್ಲ. ಗೊತ್ತಿದ್ದವರು 'ಎಂಥಾ ಕುಸುರಿ ಕೆಲಸ ನೋಡ್ರಿ' ಎಂದು ಕೈ ಮುಗಿದು ಬರುತ್ತಾರೆ. ಕುಸುರಿಯನ್ನು ನಾವೂ ಮೆಚ್ಚುತ್ತೇವೆ. ಅದನ್ನು ಮಾಡಿದ್ದು ದುಡಿಯುವ ಕೈ. ಆದರೆ ಮೆಚ್ಚಿದ ಮೇಲೆ ಓದಬೇಕು. ಕೆತ್ತನೆಯೂ ಒಂದು ಬರಹವೇ.

ಬಾಗಿಲಿನಿಂದಲೇ ಓದೋಣ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಲ್ಲಿ ಶಿಲ್ಪಿ ಹೆಚ್ಚು ಬೆವರು ಸುರಿಸಿದ್ದು ಬಾಗಿಲವಾಡದ ಮೇಲೆ. ಅಕ್ಕಪಕ್ಕ ಪಟ್ಟಿಯ ಮೇಲೆ ಪಟ್ಟಿ, ಅದರೊಳಗೆ ಬಳ್ಳಿ, ಹೂವು, ಕುಣಿಯುವವರು, ಬಾರಿಸುವವರು. ಕೆಳಗೆ ಗದೆ ಹಿಡಿದ ದ್ವಾರಪಾಲಕರು. ನೆತ್ತಿಯ ನಡುವೆ ಗಜಲಕ್ಷ್ಮಿ. ಎರಡು ಆನೆಗಳು ಸೊಂಡಿಲಲ್ಲಿ ಕೊಡ ಎತ್ತಿ ಅವಳ ತಲೆಯ ಮೇಲೆ ನೀರು ಸುರಿಯುತ್ತವೆ. ಮಳೆ, ಬೆಳೆ, ಸಿರಿ ಎಂದು ಇದರ ಅರ್ಥ. ಬಾವಿಕಟ್ಟೆಯಿಂದ ಮಾರು ದೂರ ನಿಂತು, ಬೊಗಸೆಗೆ ಯಾರಾದರೂ ನೀರು ಸುರಿಯಲೆಂದು ಕಾದ ಜನಕ್ಕೆ ಈ ಆನೆಗಳು ಏನು ಹೇಳಿದ್ದಾವು? ಬಾಗಿಲು ಒಳಗೆ ಬಿಡುವುದಕ್ಕೂ ಇರುತ್ತದೆ, ಹೊರಗೆ ನಿಲ್ಲಿಸುವುದಕ್ಕೂ ಇರುತ್ತದೆ. ಗುಡಿಯ ನಕ್ಷೆಯೇ ಹಾಗಿದೆ: ಮುಖಮಂಟಪದಲ್ಲಿ ಬೆಳಕು, ನವರಂಗದಲ್ಲಿ ಮಬ್ಬು, ಗರ್ಭಗುಡಿಯಲ್ಲಿ ಕತ್ತಲೆ. ಒಳಗೆ ಹೋದಂತೆ ಬಾಗಿಲು ಸಣ್ಣದಾಗುತ್ತದೆ, ಹೋಗುವ ಜಾತಿಗಳೂ ಕಡಿಮೆಯಾಗುತ್ತವೆ. ಕಟ್ಟಡದ ಒಳಗೇ ವರ್ಣವ್ಯವಸ್ಥೆಯ ನಕ್ಷೆ ಕೂತಿದೆ.

ಬಾಗಿಲು, ತೋರಣ, ಶಿಖರಗಳ ಮೇಲೆ ಇನ್ನೊಂದು ಮುಖ ಇರುತ್ತದೆ. ಗುಡ್ಡೆ ಕಣ್ಣು, ತೆರೆದ ಬಾಯಿ, ಕೋರೆಹಲ್ಲು, ಮೈ ಇಲ್ಲ. ಇದು ಕೀರ್ತಿಮುಖ. ಪುರಾಣದ ಕತೆ ಹೀಗಿದೆ: ಶಿವನ ಸಿಟ್ಟಿನಿಂದ ಒಂದು ಭಯಂಕರ ಜೀವಿ ಹುಟ್ಟಿತು. ಹುಟ್ಟುತ್ತಲೇ ಹಸಿವು. ತಿನ್ನಲು ಕೊಡು ಎಂದು ಕೇಳಿತು. ನಿನ್ನ ಮೈಯನ್ನೇ ನೀನು ತಿನ್ನು ಎಂದ ಶಿವ. ಅದು ಕಾಲು ತಿಂದಿತು, ಕೈ ತಿಂದಿತು, ಹೊಟ್ಟೆ ತಿಂದಿತು, ಕೊನೆಗೆ ಮುಖ ಒಂದೇ ಉಳಿಯಿತು. ಶಿವ ಮೆಚ್ಚಿ, ನೀನು ಕೀರ್ತಿಮುಖ, ನನ್ನ ಬಾಗಿಲ ಮೇಲಿರು ಎಂದು ವರ ಕೊಟ್ಟ. ಪಂಡಿತರು ಇದನ್ನು ಅಹಂಕಾರ ನಾಶದ ಸಂಕೇತ ಎನ್ನುತ್ತಾರೆ. ಇರಲಿ. ನಮಗೆ ಇದು ಬೇರೆ ಕತೆಯಾಗಿ ಕೇಳಿಸುತ್ತದೆ. ಅನ್ನ ಕೇಳಿದವನಿಗೆ ಅನ್ನ ಸಿಗಲಿಲ್ಲ, ಹೊಗಳಿಕೆ ಸಿಕ್ಕಿತು. ಜೀತದ ಮನುಷ್ಯನಿಗೆ 'ನಿಯತ್ತಿನವ' ಎಂದು ಬಿರುದು ಕೊಟ್ಟ ಹಾಗೆ. ಅವನ ಹೊಟ್ಟೆ ಹೋಯಿತು, ಒಡೆಯನ ಬಾಗಿಲ ಮೇಲೆ ಅವನ ಮುಖ ಉಳಿಯಿತು.

ಇನ್ನು ಪ್ರಾಣಿಗಳ ಮಾತು. ನಮ್ಮ ಸೀಮೆಯಲ್ಲಿ ಎತ್ತಿನ ಚಿತ್ರಕ್ಕೆ ಗುಡಿಗಿಂತ ದೊಡ್ಡ ವಯಸ್ಸು. ಮುದಗಲ್ಲಿನ ಹತ್ತಿರದ ಪಿಕಳಿಹಾಳದ ಬಂಡೆಗಳ ಮೇಲೆ ಇಣಿ ಎತ್ತಿದ ಹೋರಿಗಳನ್ನು ನವಶಿಲಾಯುಗದ ದನಗಾಹಿಗಳು ಕುಟ್ಟಿ ಮೂಡಿಸಿದರು. ೧೯೫೦ರ ದಶಕದ ಮೊದಲಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಲ್ಲಿ ಅಗೆದು ನೋಡಿದರು. ಕೃಷ್ಣೆಯ ಆಚೆ ದಂಡೆಯ ಉಟ್ನೂರಿನಲ್ಲಿ ಅವರೇ ಮುಂದೆ ಅಗೆದಾಗ, ಜನ ರಾಕ್ಷಸರ ಬೂದಿ ಎಂದು ನಂಬಿದ್ದ ದಿಬ್ಬಗಳು ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ಬೂದಿ ಎಂದು ತಿಳಿಯಿತು. ಅಂದರೆ ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಸಾಕಿದವರೇ ದನದ ಚಿತ್ರ ಬರೆದರು. ಅದಕ್ಕೆ ಪೂಜಾರಿ ಬೇಕಾಗಿರಲಿಲ್ಲ.

ಆಮೇಲೆ ಆ ಹೋರಿ ಗುಡಿಯೊಳಗೆ ಬಂದು ಕೂತಿತು. ಕೊರಳಿಗೆ ಗಂಟೆಸರ, ಬೆನ್ನಿಗೆ ಜೂಲು ಕೆತ್ತಿಸಿಕೊಂಡು ನಂದಿಯಾಯಿತು. ಗಬ್ಬೂರಿನಲ್ಲಿ ಅದರ ಹೆಸರೇ ಬಂಗಾರ ಬಸಪ್ಪ. ಕಲ್ಲಿನ ಎತ್ತು ಬಂಗಾರವಾಯಿತು. ಸತ್ತ ಎತ್ತು ಮಾದಿಗರ ಕೇರಿಗೆ ಬಂತು. ಅದನ್ನು ಎಳೆದವರು, ಸುಲಿದವರು, ತೊಗಲು ಹದ ಮಾಡಿ ಕಪಿಲೆ ಬಾನಿ, ಬಾರಕೋಲು, ಮೆಟ್ಟು ಮಾಡಿಕೊಟ್ಟವರು ಮುಟ್ಟಬಾರದವರಾದರು. ಅದೇ ತೊಗಲಿನ ಹಲಗೆ ಬಡಿಯದೆ ದೇವರ ತೇರು ಹೊರಡಲಿಲ್ಲ. ಎತ್ತು ಒಂದೇ. ಒಂದು ಕಡೆ ಅದು ಪೂಜೆ, ಇನ್ನೊಂದು ಕಡೆ ಅದು ಮೈಲಿಗೆ.

ಕೋಣದ ಕತೆ ಇನ್ನೂ ಕಹಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಿಂದ ಹಿಡಿದು ಎಲ್ಲ ಕಡೆ ದೇವಿಯ ಕಾಲಡಿ ಬಿದ್ದಿರುವುದು ಕೋಣ. ಅವನು ಮಹಿಷ, ಅಸುರ, ಕೇಡಿಗ. ಊರ ಮಾರಿಯ ಕತೆಯಲ್ಲಂತೂ ಕೋಣ ಯಾರೆಂದು ನೇರವಾಗಿಯೇ ಹೇಳಿಬಿಡುತ್ತಾರೆ. ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ನಮ್ಮವನು ಅವನು. ನಿಜ ತಿಳಿದ ದಿನ ಆಕೆ ಮಾರಿಯಾದಳು, ಓಡಿದ ಅವನು ಕೋಣವನ್ನು ಹೊಕ್ಕ, ವರ್ಷವರ್ಷವೂ ಅವನ ತಲೆ ಹೋಗುತ್ತದೆ. ಜಾತಿ ಮೀರಿ ಮದುವೆಯಾದರೆ ಏನಾಗುತ್ತದೆ ಎಂಬ ಎಚ್ಚರಿಕೆಯನ್ನು ಜಾತ್ರೆಯನ್ನಾಗಿ ಮಾಡಿ, ಹಲಗೆ ಬಡಿಯಲು ನಮ್ಮನ್ನೇ ಕರೆದರಲ್ಲ, ಇದಕ್ಕಿಂತ ಜಾಣತನ ಬೇರೆ ಉಂಟೇ?

ಆದರೆ ರಾಯಚೂರು ನಗರದಲ್ಲೇ ಕೋಣದ ಇನ್ನೊಂದು ಕೆತ್ತನೆ ಐತಿ. ಕಾಕತೀಯರ ಸಾಮಂತ ಗೋನ ಗನ್ನಾರೆಡ್ಡಿಯ ಮಂತ್ರಿ ವಿಠಲನಾಥ ಆದವಾನಿ, ಮಾನ್ವಿ ಮೊದಲಾದ ಕೋಟೆಗಳನ್ನು ಗೆದ್ದು, ೧೨೯೪ರಲ್ಲಿ ರಾಯಚೂರಿನ ಕೋಟೆ ಕಟ್ಟಿಸಿದ. ಇಲ್ಲಿಯೂ ಕಟ್ಟಿಸಿದ! ಇದನ್ನು ಹೇಳುವ ಶಾಸನ ಇರುವುದು ಪಶ್ಚಿಮದ ಗೋಡೆಯ ಒಂದು ಅಖಂಡ ಬಂಡೆಯ ಮೇಲೆ. ಬಂಡೆಯ ಉದ್ದ ಸುಮಾರು ೪೧ ಅಡಿ. ಅಂಥ ಬಂಡೆಯನ್ನು ಇಲ್ಲಿಗೆ ತಂದದ್ದು ಹೇಗೆ ಎಂಬುದನ್ನೂ ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ: ಗಾಲಿಗಳ ಬಂಡಿ, ಅದರ ಮೇಲೆ ಬಂಡೆ, ಮುಂದೆ ಕೋಣಗಳ ಉದ್ದನೆಯ ಸಾಲು, ಹುರುಪು ಕೊಟ್ಟು ಹೊಡೆಯುವ ಆಳುಗಳು, ಗಾಲಿಗೆ ಮರದ ಸನಿಕೆ ಕೊಟ್ಟು ದೂಡುವ ಆಳುಗಳು. ಇಲ್ಲಿ ಕೋಣ ಅಸುರನಲ್ಲ, ಯಾರ ಕಾಲಡಿಯೂ ಬಿದ್ದಿಲ್ಲ. ಕೊರಳು ಕೊಟ್ಟು ಎಳೆಯುತ್ತಿದೆ. ಅದರ ಪಕ್ಕದ ಮನುಷ್ಯನಿಗೆ ನಾಲ್ಕು ಕೈಯಿಲ್ಲ, ಕಿರೀಟವಿಲ್ಲ, ಹೆಸರೂ ಇಲ್ಲ. ಎರಡು ಕೈ ಇವೆ, ಅವೂ ಕೆಲಸದಲ್ಲಿವೆ. ದೋಆಬಿನ ದುಡಿಮೆಗಾರರಿಗೆ ತಮ್ಮ ಭಾವಚಿತ್ರ ಎಂಬುದು ಒಂದಿದ್ದರೆ ಅದು ಇದೇ.

ಹೆಸರಿನ ಮಾತು ಬಂದಿತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿದೆ. ಒಳ್ಳೆಯದು, ಕಸುಬಿನವನ ಹೆಸರು ಅಷ್ಟಾದರೂ ಉಳಿಯಿತು. ಆದರೆ ಅವನ ಕೆಳಗೆ ಕಲ್ಲು ಸೀಳಿದ, ಮಣ್ಣು ಹೊತ್ತ ಸಾವಿರ ಜನರಿಗೆ ಅಕ್ಷರದ ಒಂದು ಸಾಲೂ ಸಿಗಲಿಲ್ಲ.

ಗುಡಿಯ ಹೆಣ್ಣುಗಳನ್ನೂ ನೋಡಬೇಕು. ಕಂಬದ ಮೇಲೆ, ಗೋಡೆಯ ಮೇಲೆ ಮದನಿಕೆಯರು ಕನ್ನಡಿ ಹಿಡಿದು, ಗೆಜ್ಜೆ ಕಟ್ಟಿ, ಸೊಂಟ ಬಳುಕಿಸಿ ನಿಂತಿದ್ದಾರೆ. ರಸಿಕರು ಇವರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ. ಅದೇ ಕಾಲದ ದಾನಶಾಸನಗಳಲ್ಲಿ ಪೂಜಾರಿಗೆ ಇಷ್ಟು, ಮದ್ದಳೆಯವನಿಗೆ ಇಷ್ಟು, ಪಾತ್ರದವರಿಗೆ, ಸೂಳೆಯರಿಗೆ ಇಷ್ಟು ಎಂದು ಭೂಮಿಯ ಲೆಕ್ಕ ಇರುತ್ತದೆ. ಕಲ್ಲಿನ ಹೆಣ್ಣಿನ ಹಿಂದೆ ಗುಡಿಗೆ ಸೇರಿದ ಜೀವಂತ ಹೆಣ್ಣು ಇದ್ದಳು. ಆ ಕಾಲದ ಪಾತ್ರದವಳೂ ನಮ್ಮ ಕಾಲದ ದೇವದಾಸಿಯೂ ಒಂದೇ ಅಲ್ಲ. ಆಕೆಗೆ ಮಾನ್ಯದ ಭೂಮಿ ಇತ್ತು, ಇವಳಿಗೆ ಜೋಗತಿಯ ಬುಟ್ಟಿ ಮಾತ್ರ. ಆದರೆ ಹೆಣ್ಣನ್ನು ದೇವರಿಗೆ ಒಪ್ಪಿಸಿ ಉಳ್ಳವರು ಬಳಸುವ ದಾರಿ ಅಲ್ಲಿಂದ ಇಲ್ಲಿಗೆ ಬಂದಿದೆ. ಕೊನೆಗೆ ಆ ಮುತ್ತು ಕಟ್ಟಿದ್ದು ಹೆಚ್ಚಾಗಿ ನಮ್ಮ ಕೇರಿಯ ಹುಡುಗಿಯರ ಕೊರಳಿಗೆ. ೧೯೮೨ರಲ್ಲಿ ಕರ್ನಾಟಕ ಇದನ್ನು ನಿಷೇಧಿಸುವ ಕಾಯಿದೆ ತಂದಿತು. ಮಾನ್ವಿ ತಾಲ್ಲೂಕಿನ ನೀರಮಾನ್ವಿ ಯಲ್ಲಮ್ಮನ ಜಾತ್ರೆಗೆ ಹೋಗುವ ನಮ್ಮ ಅವ್ವಂದಿರು, ಅಕ್ಕಂದಿರು ಈ ಕಾಯಿದೆಯ ಹೆಸರನ್ನು ದೇವಿಯ ಹೆಸರಿನಷ್ಟೇ ಚೆನ್ನಾಗಿ ತಿಳಿದಿರಬೇಕು.

ಇಷ್ಟು ಗುಡಿಯ ಕಲ್ಲಿನ ಮಾತು. ಇನ್ನು ಕೇರಿಯ ಕಲ್ಲು.

ನಮ್ಮ ದೇವರಿಗೆ ಮುಖವಿಲ್ಲ. ಬೇವಿನ ಮರದ ಬುಡದಲ್ಲಿ ಒಂದು ಕಲ್ಲು, ಅದಕ್ಕೆ ಕುಂಕುಮ ಭಂಡಾರ, ಬಹಳಾದರೆ ಬೆಳ್ಳಿಯದೋ ಹಿತ್ತಾಳೆಯದೋ ಎರಡು ಕಣ್ಣು. ಓದಿದವರು ಇದನ್ನು 'ಅನಾಗರಿಕ ಪೂಜೆ' ಎಂದು ಮೂಗು ಮುರಿಯುತ್ತಾರೆ. ಅಂಥವರಿಗೆ ನಾವು ಅರಬರ ನಾಡಿನ ನಬಾಟಿಯನ್ನರ ಕತೆ ಹೇಳಬೇಕು. ಎರಡು ಸಾವಿರ ವರ್ಷಗಳ ಹಿಂದೆ ಇಂದಿನ ಜೋರ್ಡಾನಿನ ಪೆಟ್ರಾ ಅವರ ರಾಜಧಾನಿ. ಒಂಟೆಗಳ ಮೇಲೆ ಧೂಪದ ವ್ಯಾಪಾರ ಮಾಡಿ ಸಿರಿವಂತರಾದರು, ಗುಡ್ಡವನ್ನೇ ಕಡಿದು ಅರಮನೆಯಂಥ ಗೋರಿಗಳನ್ನು ಕೆತ್ತಿದರು. ಇಷ್ಟು ಬಲ್ಲ ಜನ ತಮ್ಮ ದೊಡ್ಡ ದೇವರು ದುಶರನನ್ನು ಪೂಜಿಸಿದ್ದು ಒಂದು ಚೌಕನೆಯ ಕಲ್ಲಿನಲ್ಲಿ. ಕೆಲವು ಕಲ್ಲುಗಳಿಗೆ ಎರಡು ಕಣ್ಣು, ಒಂದು ಮೂಗಿನ ಗೆರೆ ಮಾತ್ರ. ಪೆಟ್ರಾದ ಆ ದೇವರು ನಾಲ್ಕು ಅಡಿ ಎತ್ತರದ, ರೂಪವಿಲ್ಲದ ಕರಿಕಲ್ಲು, ಅದಕ್ಕೆ ಬಲಿಯ ರಕ್ತ ಎರೆಯುತ್ತಿದ್ದರು ಎಂದು ಹಳೆಯ ಗ್ರೀಕ್ ಕೋಶವೊಂದು ಹೇಳುತ್ತದೆ. ಓದಿದರೆ ನಮ್ಮೂರ ಮಾರಮ್ಮನ ವರ್ಣನೆ ಓದಿದ ಹಾಗೆ ಆಗುತ್ತದೆ. ಅದೇ ಜನ ಗ್ರೀಕರ, ರೋಮನ್ನರ ನಂಟು ಬೆಳೆದಂತೆ ಮನುಷ್ಯರೂಪದ ದೇವರುಗಳನ್ನೂ ಕೆತ್ತಿದರು. ೧೯೩೭ರಲ್ಲಿ ಅಗೆದ ಖಿರ್ಬೆತ್ ತನ್ನೂರ್ ಎಂಬ ಬೆಟ್ಟದ ಗುಡಿಯಲ್ಲಿ ಎಲೆಬಳ್ಳಿಯೊಳಗಿನ ದೇವಿ, ರಾಶಿಚಕ್ರದ ನಡುವಿನ ದೇವಿ ಸಿಕ್ಕಿದ್ದಾರೆ. ಕ್ರಿ.ಶ. ೧೦೬ರಲ್ಲಿ ರೋಮ್ ಆ ರಾಜ್ಯವನ್ನು ನುಂಗಿತು.

ಇದರಿಂದ ತಿಳಿಯಬೇಕಾದದ್ದು ಇಷ್ಟೇ. ಮುಖವಿಲ್ಲದ ಕಲ್ಲನ್ನು ಪೂಜಿಸುವುದು ಕೆತ್ತಲು ಬಾರದವರ ಬಡತನವಲ್ಲ. ಅದೂ ಒಂದು ತಿಳುವಳಿಕೆ. ಮೇಲಿನವರಿಗೂ ಇದು ಗೊತ್ತು. ಲಿಂಗಕ್ಕೆ ಯಾವ ಮುಖವಿದೆ? ಮಾನ್ವಿ ದಾರಿಯ ಕಲ್ಲೂರಿನ ಮಹಾಲಕ್ಷ್ಮಿ ಗಂಧ ತೇಯುವ ಸಾಣೆಕಲ್ಲಿನ ಮೇಲೆ ಮೂಡಿದಳು ಎಂಬುದು ಅಲ್ಲಿಯ ಐತಿಹ್ಯ. ಅಗ್ರಹಾರದ ಸಾಣೆಕಲ್ಲು ಮಹಾಲಕ್ಷ್ಮಿಯಾಗುವುದಾದರೆ, ಕೇರಿಯ ಬೇವಿನ ಬುಡದ ಕಲ್ಲು ಮಾತ್ರ ಯಾಕೆ ಕ್ಷುದ್ರದೇವತೆ? ವ್ಯತ್ಯಾಸ ಕಲ್ಲಿನಲ್ಲಿಲ್ಲ, ಮುಟ್ಟುವ ಕೈಯಲ್ಲಿ ಇದೆ.

ಈಗ ನಮ್ಮ ಕೇರಿಗಳಲ್ಲಿ ಹೊಸ ಗಾಳಿ ಬೀಸುತ್ತಿದೆ. ಚಂದಾ ಎತ್ತಿ ಸಿಮೆಂಟಿನ ಗೋಪುರ ಕಟ್ಟುತ್ತಾರೆ. ಹಳೆಯ ಕಲ್ಲನ್ನು ಮೂಲೆಗೆ ಸರಿಸಿ, ನಾಲ್ಕು ಕೈಯ, ಸಿಂಹವಾಹನದ ಮೂರ್ತಿ ತಂದು ನಿಲ್ಲಿಸುತ್ತಾರೆ. ಪ್ರತಿಷ್ಠೆಗೆ ಹೊರಗಿನ ಪುರೋಹಿತ ಬರುತ್ತಾನೆ. ನಿನ್ನೆಯವರೆಗೆ ನಮ್ಮ ಮುದುಕಿ ಮೈದಡವಿ ಎಣ್ಣೆ ಹಚ್ಚುತ್ತಿದ್ದ ದೇವಿಯನ್ನು ಇವತ್ತು ಆಕೆಯೇ ಹೊರಗೆ ನಿಂತು ನೋಡಬೇಕು. ನಮ್ಮ ದುಡ್ಡಿನಲ್ಲೇ ನಮಗೊಂದು ಬಾಗಿಲು, ಆ ಬಾಗಿಲಿಗೊಂದು ಕೀರ್ತಿಮುಖ! ಹಾಗಂತ ಕೇರಿಯ ಕಲ್ಲೆಲ್ಲ ಬಂಗಾರ ಎಂದು ನಾವು ಹೇಳುವುದಿಲ್ಲ. ಆ ಕಲ್ಲಿನ ಮುಂದೆಯೇ ಮುತ್ತು ಕಟ್ಟಿದ್ದಾರೆ, ಕೋಣದ ನೆಪದಲ್ಲಿ ನಮ್ಮ ಮನುಷ್ಯನನ್ನೇ ಕಡಿದಿದ್ದಾರೆ. ಗುಡಿಯ ಕಲ್ಲನ್ನು ಪ್ರಶ್ನಿಸಿದಂತೆ ಕೇರಿಯ ಕಲ್ಲನ್ನೂ ಪ್ರಶ್ನಿಸಬೇಕು. ಆದರೆ ಒಂದರ ಗುಲಾಮಗಿರಿಯಿಂದ ಬಿಡಿಸಿಕೊಳ್ಳಲು ಇನ್ನೊಂದರ ಹೊಸಿಲಿಗೆ ಹಣೆ ಬಡಿಯುವುದು ಬಿಡುಗಡೆ ಅಲ್ಲ.

ಇದೆಲ್ಲ ಹಳೆಯ ಮಾತು ಎನ್ನುವವರಿಗೆ ೨೦೨೧ರ ಸೆಪ್ಟೆಂಬರನ್ನು ನೆನಪಿಸಬೇಕು. ೧೯೯೭ರವರೆಗೆ ನಮ್ಮ ಜಿಲ್ಲೆಯದೇ ಆಗಿದ್ದ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತರ ಪುಟ್ಟ ಮಗು ಹುಟ್ಟುಹಬ್ಬದ ದಿನ ಹನುಮಪ್ಪನ ಗುಡಿಯೊಳಗೆ ಓಡಿತು. ಗುಡಿಯ ಶುದ್ಧಿಗೆಂದು ಮನೆಯವರಿಂದ ೨೫ ಸಾವಿರ ರೂಪಾಯಿ ಕೇಳಿದರು. ಪೊಲೀಸರು ಬಂದು ಕೆಲವರನ್ನು ಬಂಧಿಸಬೇಕಾಯಿತು. ಕಲ್ಲಿನ ದ್ವಾರಪಾಲಕರು ಸುಮ್ಮನೆ ನಿಂತಿರುತ್ತಾರೆ. ಜೀವಂತ ದ್ವಾರಪಾಲಕರು ದಂಡ ಹಾಕುತ್ತಾರೆ.

ಕಲ್ಲಿನ ಮೇಲೆ ಬೇರೆ ಮಾತನ್ನೂ ಬರೆದ ನೆಲ ಇದು. ಮಸ್ಕಿಯ ಬಂಡೆಯ ಮೇಲೆ ದೇವರಿಲ್ಲ, ಬಳ್ಳಿಯಿಲ್ಲ, ಅಕ್ಷರ ಮಾತ್ರ ಇವೆ. ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅದನ್ನು ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಅದರಿಂದ. ಧರ್ಮದ ದಾರಿಯಲ್ಲಿ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಗುರಿ ಮುಟ್ಟಬಲ್ಲರು ಎಂಬುದು ಅದರ ಸಾರ. ಅವನೂ ಅರಸನೇ, ಅವನದೂ ಸಾಮ್ರಾಜ್ಯವೇ. ಆದರೂ ಆ ಬಂಡೆಗೆ ಬಾಗಿಲಿಲ್ಲ. ಯಾವ ಜಾತಿಯವನೂ ಹತ್ತಿರ ಹೋಗಿ ಓದಬಹುದಿತ್ತು, ಓದು ಒಂದು ಸಿಕ್ಕಿದ್ದರೆ. ಆ ಓದು ನಮಗೆ ಸಿಗಲು ಎರಡು ಸಾವಿರ ವರ್ಷ ಮೇಲೆ ಹಿಡಿಯಿತು.

ಹಳ್ಳಿಯ ಮೇಷ್ಟರುಗಳಲ್ಲಿ ನಮ್ಮ ಬಿನ್ನಹ ಇದು. ಮಕ್ಕಳನ್ನು ಗಬ್ಬೂರಿಗೆ ಕರೆದುಕೊಂಡು ಹೋಗಿರಿ, ರಾಯಚೂರು ಕೋಟೆಯ ಪಶ್ಚಿಮದ ಗೋಡೆಯ ಹತ್ತಿರ ನಿಲ್ಲಿಸಿರಿ. ಯಾರು ಕಟ್ಟಿಸಿದರು ಎಂದು ಒಂದು ಸಲ ಹೇಳಿರಿ, ಯಾರು ಕಟ್ಟಿದರು ಎಂದು ಹತ್ತು ಸಲ ಕೇಳಿರಿ. ಬಂಡಿಯ ಗಾಲಿ ದೂಡುತ್ತಿರುವ ಆ ಹೆಸರಿಲ್ಲದ ಮನುಷ್ಯನನ್ನು ತೋರಿಸಿ, ಇವನು ಯಾರ ಮನೆಯವನು ಅಂತ ಕೇಳಿರಿ. ಹಿಂದಿನ ಸಾಲಿನ ಯಾವುದಾದರೂ ಮಗು ಕೈ ಎತ್ತೇ ಎತ್ತುತ್ತದೆ.